ಗಂಟಲಿಗೆ ಟ್ಯೂಬ್ ಹಾಕಿಸಿಕೊಂಡವರ ಮನೆಯವರು ಕೇಳುವ ಪ್ರಶ್ನೆಗಳು: ಟ್ರಕಿಯಾಸ್ಟಮಿ ಮಾಡುವಾಗ, ಮಾಡಿದ ಮೇಲೆ ಬರುವ ತೊಡಕುಗಳು

ಐಸಿಯು, ಇಎನ್‌ಟಿ ವಾರ್ಡ್ ಎರಡರಲ್ಲೂ ನರ್ಸ್ ಆಗಿ ದುಡಿದವಳು ನಾನು. ಡಿಸ್ಚಾರ್ಜ್ ದಿನ ರೋಗಿಯ ಕಡೆಯವರನ್ನು ಕೂರಿಸಿಕೊಂಡು ಟ್ರಕಿಯಾಸ್ಟಮಿಯ, ಅಂದರೆ ಉಸಿರಿಗೆಂದು ಕುತ್ತಿಗೆಯಲ್ಲಿ ತೂತು ಮಾಡಿ ಶ್ವಾಸನಾಳಕ್ಕೆ ಹಾಕಿದ ಟ್ಯೂಬಿನ ಆರೈಕೆ ಹೇಳಿಕೊಡುವುದು ನನ್ನ ಪಾಲಿಗೆ ಬಂದ ಕೆಲಸ. ಹೇಳುವಾಗ ಎಲ್ಲರೂ ತಲೆಯಾಡಿಸುತ್ತಾರೆ. ಫೋನ್ ಬರುವುದು ರಾತ್ರಿ ಹನ್ನೊಂದರ ಮೇಲೆ, ಕುಮಟಾದಾಚೆಯಿಂದಲೋ ಸಿದ್ದಾಪುರ ಕಡೆಯ ಒಂಟಿ ಮನೆಯಿಂದಲೋ: "ಸಿಸ್ಟರ್, ಹೇಳಿದ್ದೆಲ್ಲ ಮರೆತುಹೋಯ್ತು." ಆ ಫೋನುಗಳಲ್ಲಿ ಪದೇ ಪದೇ ಬಂದ ಪ್ರಶ್ನೆಗಳೇ ಇಲ್ಲಿರುವುದು. ನಿಮ್ಮ ರೋಗಿಯನ್ನು ಕಣ್ಣಾರೆ ನೋಡಿದ ಡಾಕ್ಟರು ಬೇರೆ ಹೇಳಿದ್ದರೆ ಅವರ ಮಾತೇ ನಡೆಯಲಿ.

ಟ್ರಕಿಯಾಸ್ಟಮಿ ಮಾಡಬೇಕು ಅಂದರು. ಅಂದರೆ ಕೈಬಿಟ್ಟ ಹಾಗೆಯೇ?

ಅಲ್ಲ. ಆದರೆ ಈ ಪ್ರಶ್ನೆ ಕೇಳದ ಮನೆಯವರನ್ನು ನಾನು ನೋಡಿಲ್ಲ. ಬಾಯಿಂದ ಹಾಕಿದ ವೆಂಟಿಲೇಟರ್ ಪೈಪು ಬಹಳ ದಿನ ಅಲ್ಲೇ ಇದ್ದರೆ ಧ್ವನಿಪೆಟ್ಟಿಗೆ ಹುಣ್ಣಾಗುತ್ತದೆ, ಬಾಯಿ ಸ್ವಚ್ಛ ಮಾಡಲಾಗುವುದಿಲ್ಲ, ರೋಗಿಯನ್ನು ಸದಾ ನಿದ್ದೆಯ ಔಷಧದಲ್ಲೇ ಇಡಬೇಕಾಗುತ್ತದೆ. ಕುತ್ತಿಗೆಯ ಮುಂಭಾಗದಲ್ಲಿ ಶ್ವಾಸನಾಳಕ್ಕೆ ನೇರ ದಾರಿ ಮಾಡಿದರೆ ಈ ಮೂರೂ ಸುಲಭ. ಹೆದ್ದಾರಿ 66ರ ಅಪಘಾತದಲ್ಲಿ ತಲೆಗೆ ಪೆಟ್ಟಾದವರು, ತೋಟದ ಔಷಧಿ ಕುಡಿದವರು, ನಾಗರಹಾವಿನ ವಿಷಕ್ಕೆ ಉಸಿರಾಟದ ಸ್ನಾಯು ಸೋತವರು, ಪಾರ್ಶ್ವವಾಯು ಬಡಿದವರು: ಐಸಿಯುನಲ್ಲಿ ಹೆಚ್ಚಿನವರು ಇಂಥವರೇ. ಇಎನ್‌ಟಿ ವಾರ್ಡಿನ ಕತೆ ಬೇರೆ. ಅಲ್ಲಿ ಕವಳ, ಗುಟ್ಕಾ, ಬೀಡಿ ತಂದಿಟ್ಟ ಬಾಯಿ ಮತ್ತು ಗಂಟಲಿನ ಕ್ಯಾನ್ಸರ್‌ನವರೇ ಜಾಸ್ತಿ.

ಇನ್ನೊಂದು ಮಾತು: "ನಾಲ್ಕೇ ದಿನಕ್ಕೆ ಮಾಡಿದ್ದರೆ ಬದುಕುತ್ತಿದ್ದರೋ ಏನೋ" ಎಂದು ಕೊರಗುವವರಿದ್ದಾರೆ. ಬ್ರಿಟನ್ನಿನ ಐಸಿಯುಗಳಲ್ಲಿ ನಡೆದು 2013ರಲ್ಲಿ ಪ್ರಕಟವಾದ ಟ್ರ್ಯಾಕ್‌ಮ್ಯಾನ್ ಅಧ್ಯಯನ ಇದನ್ನೇ ನೋಡಿತು. ಮೊದಲ 4 ದಿನದಲ್ಲಿ ಮಾಡಿದರೂ 10 ದಿನ ಕಾದು ಮಾಡಿದರೂ 30 ದಿನದ ಸಾವಿನ ಲೆಕ್ಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಸಹಿ ಹಾಕಿಸುವಾಗ "ಜೀವಕ್ಕೂ ಅಪಾಯ ಇದೆ" ಅಂದರು. ಆಪರೇಷನ್ ಹೊತ್ತಿನಲ್ಲಿ ನಿಜಕ್ಕೂ ಏನು ತಪ್ಪಬಹುದು?

ಕೈಯನ್ನು ನಿಮ್ಮದೇ ಕುತ್ತಿಗೆಯ ಮೇಲಿಟ್ಟು ಓದಿ. ಗಂಟಲುಗಂಟಿನಿಂದ ಬೆರಳನ್ನು ಕೆಳಗೆ ಜಾರಿಸಿದರೆ ಒಂದು ಗಟ್ಟಿ ಉಂಗುರ ಸಿಗುತ್ತದೆ. ಅದರ ಕೆಳಗೆ ಶ್ವಾಸನಾಳದ ಉಂಗುರಗಳು ಶುರು. ಸಾಮಾನ್ಯವಾಗಿ ಎರಡನೆಯ, ಮೂರನೆಯ ಉಂಗುರದ ಆಸುಪಾಸಿನಲ್ಲಿ ದಾರಿ ಮಾಡುತ್ತಾರೆ. ಥೈರಾಯ್ಡ್ ಗ್ರಂಥಿಯ ನಡುಭಾಗ ಕೂತಿರುವುದೂ ಅಲ್ಲೇ. ಇಕ್ಕೆಲಗಳಲ್ಲಿ ರಕ್ತನಾಳ, ಹಿಂದೆ ಅನ್ನನಾಳ, ಕೆಳಗೆ ಎರಡೂ ಬದಿಗೆ ಶ್ವಾಸಕೋಶದ ತುದಿ. ಇಷ್ಟು ಇಕ್ಕಟ್ಟಿನಲ್ಲಿ ನಡೆಯುವ ಕೆಲಸ ಇದು.

ಹೆಚ್ಚಾಗಿ ಕಾಣುವುದು ರಕ್ತಸ್ರಾವ. ಬಹುಪಾಲು ಸಣ್ಣ ಅಭಿಧಮನಿಗಳದ್ದು, ಒತ್ತಿ ಹಿಡಿದರೆ, ಕಟ್ಟಿದರೆ ನಿಲ್ಲುತ್ತದೆ. ಹೃದಯದ ಸ್ಟೆಂಟಿಗೆಂದು ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಅದನ್ನು ಡಾಕ್ಟರು ಕೇಳುವ ಮೊದಲೇ ನೀವೇ ಹೇಳಿ.

ನಾವು ಎಲ್ಲಕ್ಕಿಂತ ಹೆದರುವುದು ಟ್ಯೂಬು ಶ್ವಾಸನಾಳಕ್ಕೆ ಹೋಗದೆ ಅದರ ಮುಂದಿನ ಮಾಂಸದ ಪದರದೊಳಗೆ ತೂರಿಕೊಳ್ಳುವುದಕ್ಕೆ. ಸುಳ್ಳುದಾರಿ ಎನ್ನುತ್ತೇವೆ. ಹೊರಗಿನಿಂದ ನೋಡಿದರೆ ಟ್ಯೂಬು ಸರಿಯಾಗೇ ಕೂತಿರುತ್ತದೆ, ಒಳಗೆ ಗಾಳಿ ಮಾತ್ರ ಹೋಗುವುದಿಲ್ಲ. ಕುತ್ತಿಗೆ ಗಿಡ್ಡ ಇದ್ದವರಲ್ಲಿ, ದಪ್ಪಗಿರುವವರಲ್ಲಿ ಇದರ ಭಯ ಹೆಚ್ಚು. ಹೊರಬರುವ ಉಸಿರಿನ ಇಂಗಾಲದ ಡೈಆಕ್ಸೈಡನ್ನು ಅಳೆಯುವ ಯಂತ್ರ ಇದ್ದರೆ ಟ್ಯೂಬು ಎಲ್ಲಿದೆ ಎಂಬುದು ಕೆಲವೇ ಉಸಿರಿನಲ್ಲಿ ಗೊತ್ತಾಗುತ್ತದೆ.

ಉಳಿದವು ಅಪರೂಪ. ಶ್ವಾಸನಾಳದ ಹಿಂಗೋಡೆಗೆ ಗಾಯವಾಗಿ ಅನ್ನನಾಳದವರೆಗೂ ಹೋಗಬಹುದು. ಶ್ವಾಸಕೋಶದ ಸುತ್ತ ಗಾಳಿ ಸೇರಬಹುದು. ಧ್ವನಿಯ ನರಕ್ಕೆ ಪೆಟ್ಟು ಬೀಳಬಹುದು. ಬಹಳ ದಿನದಿಂದ ಉಸಿರುಕಟ್ಟಿ ಒದ್ದಾಡುತ್ತಿದ್ದವರಲ್ಲಿ ಒಂದು ವಿಚಿತ್ರ ನಡೆಯುವುದುಂಟು. ದಾರಿ ತೆರೆದ ಕೂಡಲೇ ಸೇರಿಕೊಂಡಿದ್ದ ಇಂಗಾಲದ ಡೈಆಕ್ಸೈಡ್ ಒಮ್ಮೆಲೇ ಇಳಿದು, ಉಸಿರಾಡು ಎಂದು ಮೆದುಳಿಗೆ ತಿವಿಯುತ್ತಿದ್ದದ್ದೇ ಇಲ್ಲವಾಗಿ ಉಸಿರು ನಿಂತುಬಿಡುತ್ತದೆ. ಸ್ವಲ್ಪ ಹೊತ್ತು ಕೈಯಿಂದ ಗಾಳಿ ಕೊಟ್ಟರೆ ಸರಿಹೋಗುತ್ತದೆ. ಇನ್ನು ಬೆಂಕಿ. ಆಮ್ಲಜನಕ ಜಾಸ್ತಿ ಹರಿಯುವಾಗ ಶ್ವಾಸನಾಳವನ್ನು ವಿದ್ಯುತ್ ಕಾಟರಿಯಿಂದ ಕತ್ತರಿಸಿದರೆ ಒಳಗೇ ಹೊತ್ತಿಕೊಳ್ಳಬಹುದು. ಅದಕ್ಕೇ ಆ ಘಟ್ಟದಲ್ಲಿ ಸರ್ಜನ್ನರು ಹಳೆಯ ಚಾಕುವನ್ನೇ ಹಿಡಿಯುತ್ತಾರೆ.

ಈಗ ಐಸಿಯು ಮಂಚದ ಮೇಲೆಯೇ, ಸೂಜಿ ಮತ್ತು ತಂತಿಯ ಮೇಲೆ ದಾರಿ ಹಿಗ್ಗಿಸಿ ಟ್ಯೂಬ್ ಹಾಕುವ ವಿಧಾನವೂ ಇದೆ. 1985ರಲ್ಲಿ ಸಿಯಾಲಿಯಾ ಎಂಬ ಅಮೆರಿಕದ ಸರ್ಜನ್ ವಿವರಿಸಿದ್ದು. ಗಾಯ ಚಿಕ್ಕದು, ಸೋಂಕು ಕಡಿಮೆ. ಆದರೆ ಕುತ್ತಿಗೆಯ ಗುರುತುಗಳು ಕೈಗೆ ಸಿಗದವರಿಗೆ ಹಳೆಯ ಪದ್ಧತಿಯೇ ವಾಸಿ.

ಆಪರೇಷನ್ ಆದ ಸಂಜೆ ಕುತ್ತಿಗೆ, ಕೆನ್ನೆ ಬಾತುಕೊಂಡಿದೆ. ಒತ್ತಿದರೆ ಮಂಡಕ್ಕಿ ತುಳಿದ ಹಾಗೆ ಚುರುಚುರು ಅನ್ನುತ್ತದೆ. ಏನಿದು?

ಚರ್ಮದ ಕೆಳಗೆ ಗಾಳಿ ಸೇರಿದೆ. ಕೂಡಲೇ ಸಿಸ್ಟರನ್ನು ಕರೆಯಿರಿ. ಗಾಯವನ್ನು ತೀರಾ ಬಿಗಿಯಾಗಿ ಹೊಲಿದಾಗ ಹೀಗಾಗುವುದುಂಟು, ತಾನಾಗಿಯೇ ಇಳಿಯುತ್ತದೆ ಕೂಡ. ಆದರೆ ಟ್ಯೂಬು ಸುಳ್ಳುದಾರಿ ಹಿಡಿದಿದ್ದರೆ, ಎದೆಯಲ್ಲಿ ಗಾಳಿ ಸೇರಿದ್ದರೆ ಮೊದಲು ಕಾಣುವುದೂ ಇದೇ. ಯಾವುದು ಎಂದು ಪರೀಕ್ಷೆ ಮಾಡಿ, ಬೇಕಾದರೆ ಎಕ್ಸ್‌ರೇ ತೆಗೆದು ಅವರು ಹೇಳಬೇಕು. ನೀವು ಅಂದಾಜು ಮಾಡುತ್ತ ಕೂರಬೇಡಿ.

ಮೊದಲ ವಾರ ಟ್ಯೂಬ್ ಅಲುಗಾಡಿಸಲೇಬೇಡಿ ಎಂದು ಯಾಕೆ ಅಷ್ಟು ಕಟ್ಟುನಿಟ್ಟು?

ಚರ್ಮದಿಂದ ಶ್ವಾಸನಾಳದವರೆಗಿನ ದಾರಿ ಗಟ್ಟಿಯಾಗಲು 5ರಿಂದ 7 ದಿನ ಬೇಕು. ಸೂಜಿಯಿಂದ ಹಿಗ್ಗಿಸಿ ಮಾಡಿದ್ದರೆ ಇನ್ನೂ ಎರಡು ಮೂರು ದಿನ ಜಾಸ್ತಿ. ಅಷ್ಟರೊಳಗೆ ಟ್ಯೂಬು ಜಾರಿದರೆ ಹಸಿ ದಾರಿ ಒದ್ದೆ ಮಣ್ಣಿನ ಬಿಲದ ಹಾಗೆ ಮುಚ್ಚಿಕೊಳ್ಳುತ್ತದೆ.

ನನ್ನ ಕೆಲಸದ ಮೊದಲ ವರ್ಷ. ಮೂರನೇ ದಿನದ ರೋಗಿ, ಬೆನ್ನು ಒರೆಸಲು ಮಗ್ಗುಲು ತಿರುಗಿಸಿದೆವು. ಟ್ಯೂಬನ್ನು ಕುತ್ತಿಗೆಗೆ ಕಟ್ಟುವ ಲಾಡಿ ಸಡಿಲವಿದ್ದದ್ದನ್ನು ನಾನು ನೋಡಿರಲಿಲ್ಲ. ಒಂದು ಕೆಮ್ಮಿಗೆ ಟ್ಯೂಬು ದಿಂಬಿನ ಮೇಲೆ. ಗಾಬರಿಯಲ್ಲಿ ಅದನ್ನೇ ತೆಗೆದು ತೂತಿಗೆ ತುರುಕಿದೆ, ಕೈಯಿಂದ ಒತ್ತಿ ಗಾಳಿ ಕೊಡುವ ಅಂಬುಬ್ಯಾಗ್ ಹಚ್ಚಿ ಒತ್ತಿದೆ. ಎದೆ ಏಳಲಿಲ್ಲ. ಕುತ್ತಿಗೆ ಉಬ್ಬಿತು. ಪರದೆ ಸರಿಸಿ ಒಳಬಂದ ಹಿರಿಯ ಸಿಸ್ಟರ್ ಒಂದು ಮಾತೂ ಆಡದೆ ಟ್ಯೂಬು ಕಿತ್ತು, ಅಂಗೈಯಿಂದ ತೂತು ಮುಚ್ಚಿ, ಬ್ಯಾಗಿನ ಮಾಸ್ಕನ್ನು ರೋಗಿಯ ಮೂಗು ಬಾಯಿಗೆ ಒತ್ತಿದರು. ಎದೆ ಎದ್ದಿತು. ಆಮೇಲೆ ಹೇಳಿದ್ದು ಇಷ್ಟೇ: "ಬಾಯಿ ಇದೆಯಲ್ಲೇ ಹುಡುಗಿ."

ಡಿಸ್ಚಾರ್ಜ್ ಮಾಡಿಸಿಕೊಂಡು ಹೊರಡುವ ಮೊದಲು ಡಾಕ್ಟರನ್ನು ಏನು ಕೇಳಬೇಕು?

ನೂರು ಕೇಳಬಹುದು. ಒಂದನ್ನು ಮಾತ್ರ ಬಿಡಬೇಡಿ: "ಇವರಿಗೆ ಮೇಲಿನ ದಾರಿ ತೆರೆದಿದೆಯೇ?"

ಅಂದರೆ ಟ್ಯೂಬು ಇಲ್ಲದಿದ್ದರೆ ಇವರು ಮೂಗು ಬಾಯಿಯಿಂದ ಉಸಿರಾಡಬಲ್ಲರೇ ಎಂದು. ವೆಂಟಿಲೇಟರಿನಿಂದ ಬಂದ ಬಹುತೇಕರಿಗೆ ದಾರಿ ತೆರೆದಿರುತ್ತದೆ, ಆಪತ್ತಿನಲ್ಲಿ ಬಾಯಿಂದ ಗಾಳಿ ಕೊಡಬಹುದು. ಗಂಟಲಲ್ಲಿ ದೊಡ್ಡ ಗಡ್ಡೆ ಇರುವವರಿಗೆ ಅದು ಅರ್ಧಂಬರ್ಧ, ಇಲ್ಲವೇ ಪೂರ್ತಿ ಬಂದ್. ಕ್ಯಾನ್ಸರ್‌ಗಾಗಿ ಧ್ವನಿಪೆಟ್ಟಿಗೆಯನ್ನೇ ತೆಗೆದವರಿಗೆ ಮೂಗು ಬಾಯಿಗೂ ಶ್ವಾಸಕೋಶಕ್ಕೂ ಸಂಬಂಧವೇ ಇಲ್ಲ, ಕುತ್ತಿಗೆಯ ತೂತೇ ಅವರ ಮೂಗು. ಹೊರಗಿನಿಂದ ಮೂವರೂ ಒಂದೇ ಥರ ಕಾಣುತ್ತಾರೆ. 108ರವರು ಬಂದಾಗ ಅವರಿಗೂ ಗೊತ್ತಾಗುವುದಿಲ್ಲ. ಉತ್ತರವನ್ನು ಡಿಸ್ಚಾರ್ಜ್ ಚೀಟಿಯ ಮೇಲೆ ಕನ್ನಡದಲ್ಲೇ ದೊಡ್ಡದಾಗಿ ಬರೆಸಿಕೊಳ್ಳಿ, ಮಂಚದ ಮೇಲ್ಗಡೆ ಗೋಡೆಗೂ ಅಂಟಿಸಿ. ನೆಂಟರು ನೋಡಿ ಏನಾದರೂ ಅಂದುಕೊಳ್ಳಲಿ.

ಟ್ಯೂಬು ಕಟ್ಟಿಕೊಂಡಿದೆ ಎಂದು ಹೇಗೆ ತಿಳಿಯುವುದು? ಆಗ ಏನು ಮಾಡಬೇಕು?

ಮನೆಗೆ ಹೋದವರ ಜೀವಕ್ಕೆ ಕುತ್ತು ತರುವುದು ಆಪರೇಷನ್ನಿಗಿಂತ ಹೆಚ್ಚಾಗಿ ಇದು, ಮತ್ತು ಟ್ಯೂಬು ಜಾರುವುದು. ಎರಡಕ್ಕೂ ಆಸ್ಪತ್ರೆಗೆ ಓಡುವಷ್ಟು ಸಮಯ ಇರುವುದಿಲ್ಲ. ಪಕ್ಕದಲ್ಲಿ ಮಲಗಿದವರೇ ಆ ಹೊತ್ತಿನ ಡಾಕ್ಟರು.

ಉಸಿರಿನಲ್ಲಿ ಸೀಟಿ ಊದಿದಂಥ ಸದ್ದು, ಕೊರಳೆಲುಬಿನ ಮೇಲಿನ ಗುಳಿ ಒಳಕ್ಕೆ ಎಳೆಯುವುದು, ಬೆವರು, ಕಾರಣವಿಲ್ಲದ ಚಡಪಡಿಕೆ, ಕೈಯಿಂದ ಟ್ಯೂಬನ್ನೇ ಕೀಳಲು ಹೋಗುವುದು. ತುಟಿ ನೀಲಿಯಾಗುವುದು ಕೊನೆಗೆ. ಅಲ್ಲಿಯವರೆಗೆ ಕಾಯಬೇಡಿ. "ಹಟ ಮಾಡ್ತಿದ್ದಾರೆ" ಎಂದು ಕೈ ಕಟ್ಟಿಹಾಕಿದ ಮನೆಯೊಂದು ನನಗೆ ಗೊತ್ತು. ಅವರು ಹಟ ಮಾಡುತ್ತಿರಲಿಲ್ಲ.

ಒಬ್ಬರು 108ಕ್ಕೆ ಫೋನ್ ಮಾಡಲಿ, ಇನ್ನೊಬ್ಬರು ಕೆಲಸ ಶುರು ಮಾಡಲಿ. ಟ್ಯೂಬಿನ ಬಾಯಿಗೆ ಮುಚ್ಚಳ, ಮಾತಿನ ವಾಲ್ವ್ (ಉಸಿರನ್ನು ಒಳಗೆ ಮಾತ್ರ ಬಿಡುವ ಪುಟ್ಟ ಕವಾಟ), ಬಟ್ಟೆ ಏನಿದ್ದರೂ ತೆಗೆಯಿರಿ. ಟ್ಯೂಬಿನೊಳಗೆ ಕೂರುವ, ತೆಗೆದು ತೊಳೆಯಬಹುದಾದ ಒಳಟ್ಯೂಬು ಹೊರಗೆಳೆಯಿರಿ. ಅರ್ಧಕ್ಕರ್ಧ ಸಲ ಕತೆ ಅಲ್ಲಿಗೇ ಮುಗಿಯುತ್ತದೆ, ರೋಗಿ ಭಸ್ ಎಂದು ಉಸಿರು ಬಿಡುತ್ತಾರೆ. ಆ ಒಳಟ್ಯೂಬನ್ನು ಬೆಳಕಿಗೆ ಹಿಡಿದು ನೋಡಿ: ಹಲಸಿನ ಮೇಣ ಒಣಗಿ ಕಂದಾದ ಹಾಗೆ, ನಡುವೆ ಸೂಜಿ ತೂರುವಷ್ಟು ಸಂದು. ಅಷ್ಟರಲ್ಲೇ ಅವರು ಉಸಿರಾಡುತ್ತಿದ್ದರು.

ಆಗಲಿಲ್ಲವೇ? ಕಫ ಎಳೆದು ತೆಗೆಯುವ ಸಕ್ಷನ್ ಕೊಳವೆ ಒಳಗೆ ಬಿಟ್ಟು ನೋಡಿ. ಅದು ಇಳಿಯದಿದ್ದರೆ ಟ್ಯೂಬು ಕಟ್ಟಿದೆ ಅಥವಾ ಜಾಗ ತಪ್ಪಿದೆ. ಟ್ಯೂಬಿನ ಸುತ್ತ ಉಬ್ಬಿ ಶ್ವಾಸನಾಳದ ಸಂದು ಮುಚ್ಚುವ ಬಲೂನ್ ಇದ್ದರೆ ಸಿರಿಂಜಿನಿಂದ ಅದರ ಗಾಳಿ ಪೂರ್ತಿ ತೆಗೆಯಿರಿ, ಮೇಲಿನ ದಾರಿ ತೆರೆದಿರುವವರು ಟ್ಯೂಬಿನ ಪಕ್ಕದಿಂದ ಉಸಿರಾಡಬಲ್ಲರು. ಅದಕ್ಕೂ ಬಗ್ಗದಿದ್ದರೆ ಟ್ಯೂಬನ್ನೇ ತೆಗೆಯಬೇಕು. ಕೇಳಲು ಭಯವಾಗುತ್ತದೆ, ಸರಿ. ಆದರೆ ಗಾಳಿ ಹೋಗದ ಟ್ಯೂಬು ಬರೀ ಬಿರಡೆ.

ಟ್ಯೂಬು ಹೊರಗೇ ಬಂದುಬಿಟ್ಟರೆ?

ದಾರಿ ಹಳೆಯದಾಗಿದ್ದು, ವಾರ್ಡಿನಲ್ಲಿ ನಿಮಗೆ ಹೇಳಿಕೊಟ್ಟಿದ್ದರೆ, ಅದೇ ಅಳತೆಯ ಇನ್ನೊಂದು ಟ್ಯೂಬು ಹಾಕಿ. ಹೋಗದಿದ್ದರೆ ಒಂದು ಅಳತೆ ಚಿಕ್ಕದು. ಎರಡೂ ಅಳತೆಯದ್ದು ಮನೆಯಲ್ಲಿ ಇರಲೇಬೇಕು. ಒತ್ತಾಯ ಮಾಡಿ ತಳ್ಳಬೇಡಿ. ಹೇಳಿಕೊಟ್ಟಿಲ್ಲದಿದ್ದರೆ, ಆಪರೇಷನ್ ಆಗಿ ಹೆಚ್ಚು ದಿನ ಆಗಿಲ್ಲದಿದ್ದರೆ ಪ್ರಯತ್ನವೇ ಬೇಡ. ರೋಗಿ ತಾನಾಗಿ ಉಸಿರಾಡುತ್ತಿದ್ದರೆ ಕೂರಿಸಿ, ತೂತು ಒರೆಸಿ ತೆರೆದಿಡಿ, ಆಮ್ಲಜನಕ ಇದ್ದರೆ ಮುಖಕ್ಕೂ ತೂತಿಗೂ ಹಿಡಿಯಿರಿ, ಹೊರಡಿ.

ಉಸಿರು ನಿಂತಿದ್ದರೆ, ಮೇಲಿನ ದಾರಿ ತೆರೆದಿರುವವರಿಗೆ ತೂತನ್ನು ಅಂಗೈಯಿಂದ ಮುಚ್ಚಿ ಬಾಯಿಗೆ ಬಾಯಿ ಇಟ್ಟು ಊದಿ. ಧ್ವನಿಪೆಟ್ಟಿಗೆ ತೆಗೆದವರಿಗೆ, ಅಥವಾ ಬಾಯಿಂದ ಕೊಟ್ಟ ಗಾಳಿಗೆ ಎದೆ ಏಳದಿದ್ದರೆ, ತೂತಿಗೇ ಬಾಯಿಟ್ಟು ಊದಬೇಕು. ಗೋಡೆಗೆ ಅಂಟಿಸಿದ ಚೀಟಿ ನೆನಪಾಯಿತೇ?

ಸಕ್ಷನ್ ದಿನಕ್ಕೆ ಎಷ್ಟು ಸಲ?

ಗಡಿಯಾರ ನೋಡಿ ಅಲ್ಲ, ಎದೆಯ ಗೊರಗೊರ ಕೇಳಿ. ಕೊಳವೆಯ ದಪ್ಪ ಟ್ಯೂಬಿನ ಒಳವ್ಯಾಸದ ಅರ್ಧ ಮೀರಬಾರದು. ಟ್ಯೂಬಿನ ತುದಿಯವರೆಗೆ ಮಾತ್ರ ಬಿಡಿ, ಒಳಗೆ ಬಿಡುವಾಗ ಎಳೆಯುವ ಒತ್ತಡ ಬೇಡ, ಹೊರತೆಗೆಯುವಾಗ ಮಾತ್ರ. ಒಟ್ಟು 10 ಸೆಕೆಂಡು. ನಾನು ಹೇಳಿಕೊಡುವುದು ಹೀಗೆ: ಕೊಳವೆ ಬಿಡುವಾಗ ನೀವೂ ಉಸಿರು ಹಿಡಿಯಿರಿ, ನಿಮಗೆ ತಡೆಯದಾದಾಗ ಅವರಿಗೂ ತಡೆಯದು. ಪದೇ ಪದೇ ಆಳಕ್ಕೆ ಬಿಟ್ಟು ಕೆದಕಿದರೆ ಒಳಪದರ ಕಿತ್ತು ರಕ್ತ ಬರುತ್ತದೆ.

ಮಳೆಗಾಲದಲ್ಲಿ ಎರಡು ದಿನ ಕರೆಂಟೇ ಇರುವುದಿಲ್ಲ. ಸಕ್ಷನ್ ಯಂತ್ರ ಹೇಗೆ?

ಜೋಯಿಡಾ, ಸಿದ್ದಾಪುರ, ಯಲ್ಲಾಪುರದ ಒಳಹಳ್ಳಿಯವರಿಗೆ ಇದು ನಿಜವಾದ ಪ್ರಶ್ನೆ. ಕಾಲಿನಿಂದ ತುಳಿಯುವ ಸಕ್ಷನ್ ಪಂಪ್ ಸಿಗುತ್ತದೆ, ಕರೆಂಟ್ ಬೇಡ, ವೈರಿಂಗ್ ಸುಡುವುದಿಲ್ಲ. ಬ್ಯಾಟರಿ ಯಂತ್ರ ಇದ್ದವರೂ ಅದೊಂದನ್ನು ಇಟ್ಟುಕೊಳ್ಳಿ. ಇನ್ವರ್ಟರ್ ಇದೆ ಎಂಬ ಧೈರ್ಯಕ್ಕಿಂತ ಒಳಟ್ಯೂಬನ್ನು ದಿನಕ್ಕೆ ಮೂರು ನಾಲ್ಕು ಸಲ ತೊಳೆಯುವುದು ದೊಡ್ಡ ಧೈರ್ಯ. ಫುಲ್ಲರ್‌ನ ಲೋಹದ ಟ್ಯೂಬಿನಲ್ಲಿ ಒಳಗಿನದು ಹೊರಗಿನದಕ್ಕಿಂತ ಚೂರು ಉದ್ದ, ಹಾಗಾಗಿ ಕಫ ಕಟ್ಟುವುದು ಅದರ ತುದಿಗೇ, ತೆಗೆದರೆ ಆಯಿತು. ಲೋಹದ್ದನ್ನು ಕುದಿಸಬಹುದು. ಪ್ಲಾಸ್ಟಿಕ್ಕಿನದನ್ನು ಕುದಿಸಬೇಡಿ, ಉಗುರುಬೆಚ್ಚಗಿನ ನೀರು, ಬ್ರಶ್ ಸಾಕು.

ಲೋಹದ ಟ್ಯೂಬಿನ ಬಗ್ಗೆ ಎರಡು ಮಾತು ಇಲ್ಲೇ ಹೇಳಿಬಿಡುತ್ತೇನೆ. ಅದಕ್ಕೆ ಅಂಬುಬ್ಯಾಗ್ ಕೂರುವುದಿಲ್ಲ. ಎಂಆರ್‌ಐ, ರೇಡಿಯೇಶನ್ ಚಿಕಿತ್ಸೆ ಇದ್ದರೆ ಮೊದಲೇ ತಿಳಿಸಿ ಪ್ಲಾಸ್ಟಿಕ್ಕಿನದಕ್ಕೆ ಬದಲಿಸಿಕೊಳ್ಳಬೇಕು.

ಕಫ ಅಂಟಂಟು, ಗಟ್ಟಿ. ಏನು ಮಾಡಲಿ?

ಗಾಳಿಯನ್ನು ಬೆಚ್ಚಗೆ ಮಾಡಿ, ತೇವ ಕೊಟ್ಟು, ಸೋಸಿ ಒಳಬಿಡುವುದು ಮೂಗಿನ ಕೆಲಸ. ಈಗ ಅದಕ್ಕೆ ರಜೆ. ಕಾರವಾರದ ಸೆಕೆಯಲ್ಲಿ ಅಷ್ಟು ಕಷ್ಟ ಗೊತ್ತಾಗುವುದಿಲ್ಲ. ಡಿಸೆಂಬರ್ ಜನವರಿಯಲ್ಲಿ ಶಿರಸಿ ಕಡೆಯ ಒಣ ಚಳಿಗೆ ಮಾತ್ರ ಕಫ ಒಂದೇ ರಾತ್ರಿಯಲ್ಲಿ ಗೋಂದಾಗುತ್ತದೆ. ಟ್ಯೂಬಿನ ಬಾಯಿಗೆ ಕೂರುವ ತೇವ ಹಿಡಿಯುವ ಫಿಲ್ಟರ್ ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ ಶುದ್ಧ ತೆಳು ಹತ್ತಿಬಟ್ಟೆಯನ್ನು ಒದ್ದೆ ಮಾಡಿ ಹಿಂಡಿ ಟ್ಯೂಬಿನ ಮುಂದೆ ಸಡಿಲವಾಗಿ ಇಳಿಬಿಡಿ, ಒಣಗಿದಂತೆ ಬದಲಿಸಿ. ಡಾಕ್ಟರು ಬರೆದುಕೊಟ್ಟಿದ್ದರೆ ಸಲೈನ್ ನೆಬ್ಯುಲೈಸರ್. ನೀರು ಚೆನ್ನಾಗಿ ಒಳಗೆ ಹೋಗಲಿ. ಚೊಂಬಿನ ಕುದಿನೀರ ಹಬೆ ಬೇಡ, ಸುಟ್ಟುಕೊಂಡವರಿದ್ದಾರೆ.

ಹೊಗೆಯಿಂದ ದೂರ ಇಡಿ: ಬಚ್ಚಲ ಒಲೆ, ಅಡಿಕೆ ಬೇಯಿಸುವ ಹಂಡೆ, ಊದುಬತ್ತಿ, ಸೊಳ್ಳೆಬತ್ತಿ. ಮಳೆಗಾಲದಲ್ಲಿ ತೋಟಕ್ಕೆ ಕೊಳೆ ಔಷಧಿ ಹೊಡೆಯುವ ದಿನ ಇವರು ಮನೆಯೊಳಗೇ ಇರಲಿ. ಮೊದಲ ಮಳೆಗೆ ದೀಪಕ್ಕೆ ಮುತ್ತುವ ರೆಕ್ಕೆಹುಳ ಟ್ಯೂಬಿನೊಳಗೆ ಹೊಕ್ಕದ್ದನ್ನು ನಾನೇ ಸಕ್ಷನ್ನಿನಲ್ಲಿ ತೆಗೆದಿದ್ದೇನೆ. ಆ ತೆಳುಬಟ್ಟೆ ಅದಕ್ಕೂ ಆಯಿತು.

ಕಫದಲ್ಲಿ ರಕ್ತ ಕಂಡಿತು. ಹೆದರಬೇಕೇ?

ಗೆರೆಯಷ್ಟು, ಸಕ್ಷನ್ ಮಾಡಿದ ಮೇಲೆ ಕಂಡರೆ, ಸಾಮಾನ್ಯವಾಗಿ ಒಳಪದರ ಕೆರೆದದ್ದು. ತೇವ ಹೆಚ್ಚಿಸಿ, ಕೈ ಹಗುರ ಮಾಡಿ.

ಕೆಂಪಾದ ತಾಜಾ ರಕ್ತ ಚಮಚದ ಲೆಕ್ಕದಲ್ಲಿ ಬಂದರೆ, ಅದರಲ್ಲೂ ಆಪರೇಷನ್ ಆದ ಒಂದೂವರೆ ತಿಂಗಳೊಳಗೆ, ನಿಂತುಹೋಯಿತು ಎಂದು ಸುಮ್ಮನಾಗಬೇಡಿ. ಬಲಗೈಗೆ, ತಲೆಗೆ ರಕ್ತ ಒಯ್ಯುವ ದೊಡ್ಡ ಧಮನಿಯೊಂದು ಶ್ವಾಸನಾಳದ ಮುಂದೆಯೇ ಅಡ್ಡ ಹಾಯುತ್ತದೆ. ಟ್ಯೂಬು ತೀರಾ ಕೆಳಗೆ ಕೂತಿದ್ದರೆ, ಬಲೂನ್ ಬಿಗಿಯಾಗಿದ್ದರೆ, ತುದಿ ತಿಕ್ಕುತ್ತಲೇ ಇದ್ದರೆ ನಾಳದ ಗೋಡೆ ಸವೆದು ಧಮನಿಗೆ ತೂತು ಬೀಳಬಹುದು. ನೂರರಲ್ಲಿ ಒಬ್ಬರಿಗೂ ಆಗದಷ್ಟು ಅಪರೂಪ, ಆದರೆ ಆಗಿಬಿಟ್ಟರೆ ಉಳಿಯುವುದು ಕಷ್ಟ. ದೊಡ್ಡ ಸ್ರಾವಕ್ಕೆ ಮುಂಚೆ ಹಲವರಲ್ಲಿ ಒಂದು ಸಣ್ಣ ಸ್ರಾವ ಬಂದು ನಿಲ್ಲುತ್ತದೆ. ಆ ನಿಂತ ಹೊತ್ತೇ ಆಸ್ಪತ್ರೆ ಸೇರಲು ಇರುವ ಸಮಯ. ಬೆಳಗಾಗಲಿ ಅನ್ನಬೇಡಿ.

ಬಲೂನಿಗೆ ಎಷ್ಟು ಗಾಳಿ?

ಇಷ್ಟು ಮಿಲಿಲೀಟರ್ ಎಂದು ಹೇಳಲಾಗುವುದಿಲ್ಲ, ಒತ್ತಡ ಅಳೆಯಬೇಕು. 20ರಿಂದ 30 ಸೆಂಟಿಮೀಟರ್ ನೀರಿನ ಒತ್ತಡದೊಳಗೆ. ಅದಕ್ಕಿಂತ ಹೆಚ್ಚಾದರೆ ಒಳಪದರದ ಸೂಕ್ಷ್ಮ ನಾಳಗಳಲ್ಲಿ ರಕ್ತ ಹರಿಯುವುದು ನಿಂತು ಅಲ್ಲಿ ಹುಣ್ಣು, ಆಮೇಲೆ ಕಲೆ, ಆಮೇಲೆ ನಾಳ ಕಿರಿದು. ಹೊರಗಿನ ಪುಟ್ಟ ಬಲೂನನ್ನು ಬೆರಳಲ್ಲಿ ಒತ್ತಿ ಅಂದಾಜು ಮಾಡುವುದನ್ನು ನಾನು ನಂಬುವುದಿಲ್ಲ, ನನ್ನ ಬೆರಳನ್ನೂ ಸೇರಿಸಿ. ವೆಂಟಿಲೇಟರ್ ಬೇಡದವರಿಗೆ, ಉಗುಳು ಒಳಗೆ ಇಳಿಯದವರಿಗೆ ಮನೆಗೆ ಹೋಗುವಾಗ ಬಲೂನ್ ಇಲ್ಲದ ಟ್ಯೂಬು ಹಾಕಿಕೊಡಬಹುದೇ ಎಂದು ಕೇಳಿ.

ಊಟ ಯಾವಾಗ? ಮೊದಲು ಏನು ಕೊಡಬೇಕು?

ನುಂಗುವಾಗ ಧ್ವನಿಪೆಟ್ಟಿಗೆ ಮೇಲೆದ್ದು ದಾರಿ ಮುಚ್ಚಬೇಕು. ಟ್ಯೂಬು ಅದನ್ನು ಕೆಳಗೆ ಹಿಡಿದಿಟ್ಟಿರುತ್ತದೆ. ಆದ್ದರಿಂದ ನುಂಗುವುದನ್ನು ವಾರ್ಡಿನಲ್ಲಿ ಪರೀಕ್ಷಿಸದೆ ಬಾಯಿಂದ ಏನೂ ಬೇಡ. ನಮ್ಮವರು ತಪ್ಪುವುದು ಇಲ್ಲೇ: "ಗಟ್ಟಿ ಕೊಟ್ಟರೆ ಸಿಕ್ಕಿಬಿದ್ದೀತು" ಎಂದು ಅಪ್ಪೆಹುಳಿ, ತಂಬುಳಿ, ಮಜ್ಜಿಗೆ ಕೊಡುತ್ತಾರೆ. ತೆಳ್ಳಗಿನದೇ ಬೇಗ ಶ್ವಾಸನಾಳಕ್ಕೆ ಜಾರುವುದು. ಕುಚ್ಚಲಕ್ಕಿ ಗಂಜಿಯನ್ನು ಅನ್ನ ಸಮೇತ ನುಣ್ಣಗೆ ರುಬ್ಬಿ ಗಟ್ಟಿಯಾಗಿ, ಇಲ್ಲವೇ ಕಿವುಚಿದ ಬಾಳೆಹಣ್ಣು, ಅರ್ಧ ಚಮಚದಿಂದ ಶುರು ಮಾಡಿ. ನೆಟ್ಟಗೆ ಕೂರಿಸಿ, ಗದ್ದ ಎದೆಯ ಕಡೆ ಬಾಗಲಿ, ಉಂಡ ಮೇಲೆ ಅರ್ಧ ಗಂಟೆ ಮಲಗಿಸಬೇಡಿ.

ತಿಂದದ್ದು, ಕುಡಿದದ್ದು ಟ್ಯೂಬಿನಲ್ಲಿ ಕಂಡರೆ ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ನುಂಗುವಿಕೆಯ ದೋಷ ಇರಬಹುದು, ಅಪರೂಪಕ್ಕೆ ಶ್ವಾಸನಾಳಕ್ಕೂ ಅನ್ನನಾಳಕ್ಕೂ ನಡುವೆ ತೂತಾಗಿರಬಹುದು.

ಇನ್ನು ಮಾತೇ ಇಲ್ಲವೇ?

ಧ್ವನಿತಂತುಗಳು ಅಲ್ಲೇ ಇವೆ, ಗಾಳಿ ಅಲ್ಲಿಗೆ ತಲುಪುತ್ತಿಲ್ಲ ಅಷ್ಟೆ. ಬಲೂನ್ ಇಲ್ಲದ, ಸ್ವಲ್ಪ ಚಿಕ್ಕ ಟ್ಯೂಬು ಇದ್ದರೆ ಬೆರಳಲ್ಲಿ ಟ್ಯೂಬಿನ ಬಾಯಿ ಮುಚ್ಚಿ ಮಾತಾಡಬಹುದು, ಮಾತಿನ ವಾಲ್ವ್ ಹಾಕಬಹುದು. ಒಂದು ಎಚ್ಚರ: ಬಲೂನ್ ಉಬ್ಬಿರುವಾಗ ವಾಲ್ವ್ ಹಾಕಿದರೆ ಉಸಿರು ಒಳಗೆ ಹೋಗುತ್ತದೆ, ಹೊರಗೆ ಬರುವ ದಾರಿ ಇಲ್ಲ. ನಿಮಿಷಗಳಲ್ಲಿ ಪ್ರಾಣ ಹೋಗುತ್ತದೆ.

ಸಿರಿಂಜು ಹಿಡಿದ ಕೈ ಮೊದಲು, ವಾಲ್ವ್ ಹಿಡಿದ ಕೈ ಆಮೇಲೆ ಎಂದು ನಾನು ಹೇಳಿಕೊಡುತ್ತೇನೆ. ಅಲ್ಲಿಯವರೆಗೆ ಸ್ಲೇಟು, ಮೊಬೈಲು, ಕೈಗೆ ಸಿಗುವಂತೆ ಬಾರಿಸುವ ಗಂಟೆಯೊಂದು. ರಾತ್ರಿ ಕರೆಯಲು ದನಿ ಇಲ್ಲದವರಿಗೆ ದೇವರ ಕೋಣೆಯ ಗಂಟೆಗಿಂತ ಒಳ್ಳೆಯದು ಇನ್ನಾವುದೂ ಇಲ್ಲ.

ಗಾಯದ ಸುತ್ತ ಕೆಂಪು, ವಾಸನೆ. ಪೌಡರ್ ಹಾಕಲೇ?

ಪೌಡರ್ ಬೇಡವೇ ಬೇಡ, ಒಳಗೆ ಎಳೆದುಕೊಳ್ಳುತ್ತಾರೆ. ಸಲೈನಿನಲ್ಲಿ ಒರೆಸಿ, ಒಣಗಿಸಿ, ಒದ್ದೆಯಾದ ಡ್ರೆಸ್ಸಿಂಗ್ ಕೂಡಲೇ ಬದಲಿಸಿ. ಗಾಜ್ ಬಟ್ಟೆಯನ್ನು ಕತ್ತರಿಯಿಂದ ಸೀಳಿ ಹಾಕಬೇಡಿ, ಎಳೆ ಬಿಟ್ಟು ಒಳಗೆ ಹೋಗುತ್ತದೆ, ಮಡಚಿ ತೂರಿಸಿ. ಲಾಡಿಯ ಕೆಳಗೆ ಒಂದು ಬೆರಳು ಹೋಗುವಷ್ಟು ಸಡಿಲ. ಜ್ವರ, ಹಸಿರು ಕಫ, ಕೀವು ಇದ್ದರೆ ಡಾಕ್ಟರು. ಅಂಚಿನಲ್ಲಿ ಮುಟ್ಟಿದರೆ ರಕ್ತ ಒಸರುವ ಕೆಂಪು ಮಾಂಸ ಬೆಳೆದರೆ ಅದನ್ನು ಸಿಲ್ವರ್ ನೈಟ್ರೇಟ್ ಹಚ್ಚಿ ಸುಡುತ್ತಾರೆ, ದೊಡ್ಡ ವಿಷಯವಲ್ಲ.

ಮಗುವಿಗೆ ಹಾಕಿದ್ದಾರೆ. ದೊಡ್ಡವರ ಹಾಗೇ ನೋಡಿಕೊಂಡರೆ ಸಾಕೇ?

ಸಾಲದು. ಮಕ್ಕಳ ಟ್ಯೂಬಿಗೆ ಸಾಮಾನ್ಯವಾಗಿ ಒಳಟ್ಯೂಬು ಇರುವುದಿಲ್ಲ, ಕಟ್ಟಿದರೆ ಇಡೀ ಟ್ಯೂಬನ್ನೇ ಬದಲಿಸಬೇಕು. ದಾರಿ ಅಷ್ಟು ಸಣ್ಣದು, ಒಂದು ಹನಿ ಕಫ ಸಾಕು. ಅತ್ತರೆ ಸದ್ದು ಕೇಳುವುದಿಲ್ಲ, ಆದ್ದರಿಂದ ಮಗುವನ್ನು ಒಂಟಿ ಬಿಡುವಂತಿಲ್ಲ. ಟ್ಯೂಬು ಬದಲಿಸುವುದನ್ನು ಮನೆಯಲ್ಲಿ ಇಬ್ಬರು ಕಲಿತು, ವಾರ್ಡಿನಲ್ಲಿ ನಮ್ಮ ಕಣ್ಣೆದುರು ಮಾಡಿ ತೋರಿಸುವವರೆಗೆ ಡಿಸ್ಚಾರ್ಜ್ ಕೇಳಬೇಡಿ. ಜಾತ್ರೆ ಬಂತು, ಮದುವೆ ಬಂತು ಅನ್ನಬೇಡಿ.

ಟ್ಯೂಬು ತೆಗೆದು ಎರಡು ತಿಂಗಳಾಯಿತು. ಈಗ ಮೆಟ್ಟಿಲು ಹತ್ತಿದರೆ ದಮ್ಮು. ಅಸ್ತಮಾ ಎಂದು ಪಂಪ್ ಕೊಟ್ಟಿದ್ದಾರೆ, ಕಡಿಮೆಯಿಲ್ಲ.

ಕೊಟ್ಟವರಿಗೆ ನಿಮ್ಮ ಕುತ್ತಿಗೆಯ ಕಲೆ ತೋರಿಸಿದ್ದೀರಾ? ಕಾಲರಿನ ಒಳಗೆ ಅದು ಕಾಣುವುದಿಲ್ಲ. ಬಲೂನ್ ಒತ್ತಿದ ಜಾಗ, ಟ್ಯೂಬು ಕೂತ ಜಾಗ ಗಾಯ ಮಾಯುವಾಗ ಕುಗ್ಗಿ ಶ್ವಾಸನಾಳ ಕಿರಿದಾಗುತ್ತದೆ. ಅದು ವಾರ, ತಿಂಗಳುಗಳ ಮೇಲೆ ಕಾಣಿಸುತ್ತದೆ. ಅಸ್ತಮಾದ ಸುಂಯ್ ಸಾಮಾನ್ಯವಾಗಿ ಉಸಿರು ಬಿಡುವಾಗ ಎದೆಯಿಂದ. ಇದರದ್ದು ಗಂಟಲ ಬುಡದಿಂದ, ಉಸಿರು ಎಳೆಯುವಾಗಲೂ. ತೂತು ತೀರಾ ಮೇಲೆ ಮಾಡಿದರೆ ಹೀಗಾಗುತ್ತದೆ ಎಂದು ಚೆವಾಲಿಯರ್ ಜಾಕ್ಸನ್ 1921ರಲ್ಲೇ ಬರೆದು ಸರ್ಜನ್ನರನ್ನು ಎಚ್ಚರಿಸಿದ್ದರು. ಇಎನ್‌ಟಿ ಡಾಕ್ಟರ ಬಳಿ ಹೋಗಿ ದುರ್ಬೀನು ಪರೀಕ್ಷೆ, ಸಿಟಿ ಸ್ಕ್ಯಾನ್ ಮಾಡಿಸಿ. ಹಿಗ್ಗಿಸುವುದು, ಟಿ ಆಕಾರದ ಟ್ಯೂಬು ಇಡುವುದು, ಕಿರಿದಾದ ತುಂಡು ತೆಗೆದು ಜೋಡಿಸುವುದು, ಎಲ್ಲಕ್ಕೂ ದಾರಿ ಇದೆ.

ತೂತು ತಾನಾಗಿ ಮುಚ್ಚುತ್ತದೆಯೇ?

ಬಹುತೇಕ ಒಂದೆರಡು ವಾರದಲ್ಲಿ. ಕೆಮ್ಮುವಾಗ, ಮಾತಾಡುವಾಗ ಡ್ರೆಸ್ಸಿಂಗ್ ಮೇಲೆ ಬೆರಳು ಒತ್ತಿ ಹಿಡಿಯಿರಿ. ತಿಂಗಳುಗಟ್ಟಲೆ ಟ್ಯೂಬು ಇದ್ದವರಲ್ಲಿ ಸಂದು ಉಳಿಯಬಹುದು, ಸಣ್ಣ ಆಪರೇಷನ್ನಿನಲ್ಲಿ ಮುಚ್ಚುತ್ತಾರೆ.

ಚೆಕಪ್‌ಗೆ ಘಟ್ಟ ಹತ್ತಬೇಕು. ಏನೇನು ಜೊತೆಗಿರಲಿ?

ಕಾರವಾರದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಕ್ರಿಮ್ಸ್‌ನಲ್ಲಿ ಆಗದ್ದಕ್ಕೆ ಗೋವಾದ ಬಾಂಬೋಳಿ, ಹುಬ್ಬಳ್ಳಿ, ಮಣಿಪಾಲ. ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಬೇಕು ಎಂದು ಕೂಗಿ ನಮ್ಮೆಲ್ಲರ ಗಂಟಲೂ ಒಣಗಿದೆ, ಆ ಮಾತು ಇಲ್ಲಿ ಬೇಡ. ದೇವಿಮನೆ ಘಟ್ಟ, ಅರಬೈಲು ಘಟ್ಟದ ತಿರುವುಗಳಲ್ಲಿ ವಾಂತಿ ಬಂದರೆ ಟ್ಯೂಬಿನೊಳಗೆ ಹೋಗುವ ಭಯ. ಹೊರಡುವ ಮುನ್ನ ಹೊಟ್ಟೆ ತುಂಬ ಉಣಿಸಬೇಡಿ. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದಾಗಿದ್ದು, ಮುಂದಿನ ತಿಂಗಳು ಕಾಳಿ ನದಿಯ ಹಳೇ ಸೇತುವೆ ಬಿದ್ದದ್ದು ನೆನಪಿದೆಯಲ್ಲ. ಮಳೆಗಾಲದಲ್ಲಿ ಎರಡು ಗಂಟೆಯ ದಾರಿಗೆ ಎಂಟು ಗಂಟೆಯ ಸಾಮಾನು ಕಟ್ಟಿ.

ಚೀಲದಲ್ಲಿ: ಅದೇ ಅಳತೆಯ ಟ್ಯೂಬು, ಒಂದು ಅಳತೆ ಚಿಕ್ಕದು, 10 ಎಂಎಲ್ ಸಿರಿಂಜು, ಲಾಡಿ, ಕತ್ತರಿ, ಕಾಲಿನ ಸಕ್ಷನ್ ಪಂಪ್, ಕೊಳವೆಗಳು, ಸಲೈನ್, ಗಾಜ್ ಬಟ್ಟೆ, ಟಾರ್ಚು, ಅಂಬುಬ್ಯಾಗ್ ಮತ್ತು ಮಾಸ್ಕ್, ಆ ಚೀಟಿ. ಅಂಬುಬ್ಯಾಗ್ ಒತ್ತುವುದು ಡಾಕ್ಟರರ ಕೆಲಸ ಎಂದು ಹಿಂಜರಿಯಬೇಡಿ. 1952ರ ಪೋಲಿಯೊ ಪಿಡುಗಿನಲ್ಲಿ ಕೋಪನ್‌ಹೇಗನ್‌ನ ವೈದ್ಯಕೀಯ ವಿದ್ಯಾರ್ಥಿಗಳು ಸರದಿಯಲ್ಲಿ ಕೂತು, ಟ್ರಕಿಯಾಸ್ಟಮಿ ಟ್ಯೂಬಿನ ಮೂಲಕ ಕೈಯಿಂದಲೇ ವಾರಗಟ್ಟಲೆ ಗಾಳಿ ಕೊಟ್ಟು ರೋಗಿಗಳನ್ನು ಉಳಿಸಿದ್ದರು. ನಿಮಿಷಕ್ಕೆ 10ರಿಂದ 12 ಸಲ, ಎದೆ ಏಳುವಷ್ಟೇ. ಜೋರು ಬೇಡ.

ಸ್ನಾನ, ಸಮುದ್ರ, ದೋಣಿ?

ಎದೆಯ ಕೆಳಗೆ ಮಾತ್ರ ನೀರು ಹೊಯ್ಯಿರಿ. ತಲೆಗೆ ನೀರು ಹಾಕುವಾಗ ಹಿಂದಕ್ಕೆ ಬಾಗಿಸಿ, ಇನ್ನೊಬ್ಬರು ಟ್ಯೂಬಿನ ಮೇಲೆ ಅಂಗೈ ಅಡ್ಡ ಹಿಡಿಯಲಿ, ಮುಚ್ಚದಂತೆ. ಸಮುದ್ರ, ಹೊಳೆ, ಕೆರೆಗೆ ಇಳಿಯುವಂತಿಲ್ಲ, ಮೊಣಕಾಲು ನೀರಿನಲ್ಲಿ ಜಾರಿಬಿದ್ದರೂ ನೀರು ನೇರ ಶ್ವಾಸಕೋಶಕ್ಕೆ. ಟ್ಯೂಬು ಇರುವಷ್ಟು ದಿನ ದೋಣಿ ಹತ್ತುವುದೂ ಬೇಡ.

ಭಾರ ಎತ್ತಲು ಆಗುತ್ತಿಲ್ಲ, ಮಲಬದ್ಧತೆ ಎಂದು ಗಂಡಸರು ನಾಚಿಕೊಂಡು ಹೇಳುತ್ತಾರೆ. ಮುಕ್ಕಿರಿಯಲು ಉಸಿರು ಬಿಗಿಹಿಡಿಯಬೇಕು, ಟ್ಯೂಬಿನಿಂದ ಅದು ಸೋರಿಹೋಗುತ್ತದೆ. ಸೊಪ್ಪು, ಹಣ್ಣು, ನೀರು ಜಾಸ್ತಿ ಮಾಡಿ, ಸಾಲದಿದ್ದರೆ ಔಷಧಿ ಕೇಳಿ. ಮೂಗಿನಿಂದ ಗಾಳಿ ಹೋಗದ್ದರಿಂದ ವಾಸನೆಯೂ ಕುಂದುತ್ತದೆ. ತದಡಿಯಲ್ಲಿ ಮೀನು ಮಾರುತ್ತಿದ್ದ ಒಬ್ಬರು ಚೆಕಪ್‌ಗೆ ಬಂದಾಗ ಸ್ಲೇಟಿನ ಮೇಲೆ ಬರೆದು ತೋರಿಸಿದರು: "ಬಂಗಡೆ ಹಸಿಯೋ ಹಳತೋ ಗೊತ್ತಾಗ್ತಿಲ್ಲ." ಕಿವಿರು ಎತ್ತಿ ಬಣ್ಣ ನೋಡಿ ಅಂದೆ. ಅದು ನಿನಗಿಂತ ಚೆನ್ನಾಗಿ ನನಗೆ ಗೊತ್ತು ಎಂಬ ಹಾಗೆ ನನ್ನನ್ನು ನೋಡಿ ಸ್ಲೇಟು ಒರೆಸಿದರು.